ನವಜನ್ಮವೂ ನಿತ್ಯಾಭ್ಯಾಸವೂ

೧

ಧರ್ಮಜೀವನವನ್ನು ಆರಂಭಿಸುವುದು ಕಷ್ಟವೆಂದು ಎಲ್ಲ ಮತಗಳ ಹಿರಿಯರೂ ಹೇಳಿದ್ದಾರೆ. ಆರಂಭಿಸಿದ್ದನ್ನು ಬಹುಕಾಲ ನಡೆಸಿಕೊಂಡು ಬಂದವನಿಗೆ ಒದಗುವ ಕಷ್ಟವು ಬೇರೊಂದುಂಟು. ಅದನ್ನು ಬಾಯಿಬಿಟ್ಟು ಹೇಳುವವರು ವಿರಳ. ದಿನವೂ ಗೊತ್ತಾದ ವೇಳೆಗೆ ಎದ್ದು, ಗೊತ್ತಾದ ಪ್ರಾರ್ಥನೆಯನ್ನು ಹೇಳಿ, ಗೊತ್ತಾದ ಗ್ರಂಥಭಾಗವನ್ನು ಓದಿ, ಹೀಗೆ ಇಪ್ಪತ್ತು ಮೂವತ್ತು ವರ್ಷಗಳು ಕಳೆದ ಮೇಲೆ, ತನ್ನ ನಾಲಗೆ ನಡೆಯುತ್ತಿದೆ, ಮನಸ್ಸು ಮಾತ್ರ ಹಿಂದೆ ಎಲ್ಲಿಯೋ ನಿಂತುಬಿಟ್ಟಿದೆ ಎಂಬುದು ಒಂದು ದಿನ ಆ ಮನುಷ್ಯನಿಗೆ ಹೊಳೆಯುತ್ತದೆ. ಅವನು ದುರಾಚಾರಿಯಲ್ಲ, ನಾಸ್ತಿಕನೂ ಅಲ್ಲ. ನೆರೆಹೊರೆಯವರು ಅವನನ್ನು ಸಾಧುವೆಂದೇ ಎಣಿಸುತ್ತಾರೆ. ಒಲೆಯಲ್ಲಿ ಸೌದೆಯನ್ನು ಓರಣವಾಗಿ ಜೋಡಿಸಿದೆ, ಬೆಂಕಿಯಿಲ್ಲ. ಆಗ ಅವನು ಮಾಡತಕ್ಕದ್ದೇನು? ಜೋಡಿಸಿದ ಸೌದೆಯನ್ನು ಕಿತ್ತೊಗೆಯಬೇಕೆ? ಉರಿಯಿದೆಯೆಂದೇ ನಟಿಸುತ್ತ ಕೈ ಕಾಯಿಸಿಕೊಳ್ಳುತ್ತಿರಬೇಕೆ? ಕಿಡಿ ಬೀಳಲೆಂದು ಕಾದು ಕುಳಿತಿರಬೇಕೆ? ಕುಳಿತಿರುವುದಾದರೆ ಹೇಗೆ ಕುಳಿತಿರಬೇಕು?

ಈ ಪ್ರಶ್ನೆಯು ಯಾವ ಒಂದು ಮತದ ಸ್ವತ್ತೂ ಅಲ್ಲ. ಆದರೆ ಕ್ರೈಸ್ತಧರ್ಮದಲ್ಲಿ ಅದು ವಿಶೇಷ ತೀಕ್ಷ್ಣತೆಯನ್ನು ಪಡೆದಿದೆ. ಏಕೆಂದರೆ ಆ ಧರ್ಮದ ಪ್ರಕಾರ ಹೊಸ ಬಾಳು ದೇವರ ಕೃಪೆಯಿಂದ ಬರುವ ದಾನ. ಮನುಷ್ಯನು ಅದನ್ನು ತನ್ನ ತಪಸ್ಸಿನಿಂದ ಸಂಪಾದಿಸಲಾರನು. ಹಾಗಿದ್ದರೂ ಎಚ್ಚರವಾಗಿರು, ಬೇಡು, ಬಾಗಿಲನ್ನು ತಟ್ಟು ಎಂದು ಅದೇ ಧರ್ಮವು ಮನುಷ್ಯನಿಗೆ ವಿಧಿಸುತ್ತದೆ. ಪಡೆಯುವುದು ನಿನ್ನ ಕೈಯಲ್ಲಿಲ್ಲ, ಪಡೆಯದಿದ್ದರೆ ಹೊಣೆಯು ನಿನ್ನದೇ ಎಂಬಂತೆ ಮೇಲುನೋಟಕ್ಕೆ ತೋರುವ ಈ ವಿರೋಧವನ್ನು ಬಿಡಿಸುವುದು ಹೇಗೆ? ಈ ಲೇಖಕನ ವಿದ್ಯಾಭ್ಯಾಸವು ಸಂಸ್ಕೃತ ಪಾಠಶಾಲೆಯಲ್ಲಿ ಆದದ್ದು. ಈ ಪತ್ರಿಕೆಯನ್ನು ಓದುವ ಕ್ರೈಸ್ತ ಮನೆತನಗಳವರಿಗೆ ಇಲ್ಲಿ ಹೇಳುವ ಕಥಾಭಾಗಗಳು ಅವನಿಗಿಂತ ಹೆಚ್ಚಾಗಿ ಪರಿಚಿತವಾಗಿರುವವು. ಆದರೂ ಸತ್ಯವಾದ ಪ್ರಶ್ನೆಯನ್ನು ಯಾವ ಅಂಗಳದಲ್ಲಿ ಕಂಡರೂ ಕುಳಿತು ವಿಚಾರಿಸುವುದು ಶಾಸ್ತ್ರ ಕಲಿತವನ ಕರ್ತವ್ಯವೆಂದು ಭಾವಿಸಿ, ಇದನ್ನು ಪೂರ್ವಪಕ್ಷ ಸಿದ್ಧಾಂತಗಳ ಕ್ರಮದಲ್ಲಿ ಪರಿಶೀಲಿಸಲು ಉದ್ದೇಶಿಸಿದೆ.

೨

ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ನಿಕೊದೇಮನೆಂಬ ಹಿರಿಯನೊಬ್ಬನು ಬರುತ್ತಾನೆ. ಅವನು ಫರಿಸಾಯರ ಪಂಗಡದವನು, ಯೆಹೂದ್ಯರ ಅಧಿಕಾರಿಗಳಲ್ಲೊಬ್ಬನು, ಜನರಿಗೆ ಧರ್ಮಶಾಸ್ತ್ರವನ್ನು ಹೇಳಿಕೊಡುವ ಉಪಾಧ್ಯಾಯನು. ಫರಿಸಾಯನೆಂದರೆ ಕಪಟಿಯೆಂಬ ಅರ್ಥವು ಲೋಕದಲ್ಲಿ ರೂಢಿಯಾಗಿದೆ. ಅದು ಆ ಜನರಿಗೆ ನ್ಯಾಯವಾದ ಮಾತಲ್ಲ. ಶಾಸ್ತ್ರವು ದೇವಾಲಯದಲ್ಲಿ ಮಾತ್ರ ಉಳಿಯದೆ ಮನೆಯ ಊಟದ ಎಲೆಯವರೆಗೂ ಬರಬೇಕೆಂದು ಶ್ರಮಿಸಿದ ನಿಷ್ಠಾವಂತರು ಅವರಲ್ಲಿ ಅನೇಕರಿದ್ದರು. ಅಂಥ ಪಂಗಡದ ಪಂಡಿತನೊಬ್ಬನು ರಾತ್ರಿಯಲ್ಲಿ ಯೇಸುಸ್ವಾಮಿಯನ್ನು ಕಾಣಲು ಬರುತ್ತಾನೆ. ಹಗಲು ಬರಲು ಅಂಜಿದನೆಂದು ಕೆಲವು ವ್ಯಾಖ್ಯಾನಕಾರರು ಹೇಳುವರು. ಶಾಸ್ತ್ರವಿಚಾರಕ್ಕೆ ರಾತ್ರಿಯೇ ಪ್ರಶಸ್ತವೆಂದು ಮತ್ತೆ ಕೆಲವರು. ಕಾರಣವು ಏನಾದರೂ ಇರಲಿ, ಬಂದನಷ್ಟೆ! ಬಡಗಿಯ ಮನೆಯಲ್ಲಿ ಬೆಳೆದು ಯಾವ ವಿದ್ಯಾಪೀಠದ ಮುದ್ರೆಯನ್ನೂ ಪಡೆಯದ ಒಬ್ಬನ ಬಾಗಿಲಿಗೆ ಶಾಸ್ತ್ರಿಯು ತಾನಾಗಿ ನಡೆದು ಬರುವುದು ಸಣ್ಣ ಸಂಗತಿಯಲ್ಲ. ತನ್ನಲ್ಲಿರುವುದು ಸಾಲದು ಎಂಬ ಅರಿವು ಅವನಲ್ಲಿ ಎಲ್ಲಿಯೋ ಮೊಳೆತಿತ್ತು.

ಅಲ್ಲಿ ಅವನು ಕೇಳಿದ ಉಪದೇಶವು, ಹೊಸದಾಗಿ ಹುಟ್ಟದವನು ದೇವರ ರಾಜ್ಯವನ್ನು ಕಾಣಲಾರನು ಎಂಬ ತಾತ್ಪರ್ಯವುಳ್ಳದ್ದು. ಇಲ್ಲಿ ಗ್ರೀಕ್ ಮೂಲದಲ್ಲಿ ಪ್ರಯೋಗವಾಗಿರುವ 'ಅನೋಥೆನ್' ಎಂಬ ಪದವು ನಮ್ಮ ಆಲಂಕಾರಿಕರು ಶ್ಲೇಷವೆನ್ನುವ ಜಾತಿಗೆ ಸೇರಿದುದು. ಅದಕ್ಕೆ 'ಮತ್ತೊಮ್ಮೆ' ಎಂಬುದೊಂದು ಅರ್ಥ, 'ಮೇಲಿನಿಂದ' ಎಂಬುದು ಇನ್ನೊಂದು. ನಿಕೊದೇಮನು ಮೊದಲನೆಯ ಅರ್ಥವನ್ನೇ ಹಿಡಿದು, ವಯಸ್ಸಾದವನು ತಾಯಿಯ ಗರ್ಭವನ್ನು ಎರಡನೆಯ ಸಲ ಹೊಗುವುದುಂಟೇ ಎಂದು ಶಂಕಿಸುತ್ತಾನೆ. ಇದನ್ನು ಮಂದಬುದ್ಧಿಯ ಪ್ರಶ್ನೆಯೆಂದು ನಗಲಾಗದು. ಬಹುಕಾಲ ಪಾಠ ಹೇಳಿದವರ ಕಿವಿಗೆ ಒಂದು ವ್ಯಾಧಿ ತಗಲುವುದುಂಟು: ಎದುರಿನವನು ಆಡಿದ ಮಾತು ಒಳಗೆ ಹೋಗುವುದಕ್ಕೆ ಮೊದಲೇ, ತಾವು ನೂರು ಸಲ ಹೇಳಿದ ಅರ್ಥವು ಒಳಗಿನಿಂದ ಹೊರಟುಬಂದು ಬಾಗಿಲಲ್ಲಿ ನಿಂತುಬಿಡುತ್ತದೆ. ವಿದ್ಯಾರ್ಥಿಗೆ ತಿಳಿಯದೆಂಬ ಸಂಕಟವಾದರೂ ಉಂಟು. ಉಪಾಧ್ಯಾಯನಿಗೆ ಅದೂ ಇರುವುದಿಲ್ಲ. ಇಸ್ರಾಯೇಲಿನ ಬೋಧಕನಾದ ನಿನಗೆ ಇದು ತಿಳಿಯದೇ ಎಂಬ ಭಾವದ ಪ್ರತ್ಯುತ್ತರವು ಅವನಿಗೆ ದೊರೆಯಿತು. ಅದರಲ್ಲಿ ನಿಂದೆಗಿಂತ ಹೆಚ್ಚಾಗಿ ರೋಗನಿದಾನವೇ ಇದೆಯೆಂದು ತೋರುತ್ತದೆ.

ಆ ಶ್ಲೇಷದ ಎರಡು ಅರ್ಥಗಳಲ್ಲಿ ಒಂದನ್ನೇ ಇಟ್ಟುಕೊಂಡರೆ ಏನಾಗುವುದೆಂಬುದನ್ನು ನೋಡಬೇಕು. 'ಮತ್ತೊಮ್ಮೆ' ಎಂಬುದಷ್ಟೇ ಸಾಕೆಂದರೆ, ಹೊಸ ಜನ್ಮವೆಂಬುದು ಹಳೆಯ ಬಾಳಿನ ಎರಡನೆಯ ಪ್ರತಿಯಾಗುತ್ತದೆ. ಹೊಸ ವರ್ಷದ ದಿನ ಸಂಕಲ್ಪ ಮಾಡಿ ತಿಂಗಳು ತುಂಬುವುದರೊಳಗೆ ಮರೆಯುವವರೆಲ್ಲರೂ ಹೀಗೆ ಮತ್ತೆ ಮತ್ತೆ ಹುಟ್ಟಿದವರೇ. 'ಮೇಲಿನಿಂದ' ಎಂಬುದಷ್ಟೇ ಸಾಕೆಂದರೆ, ಈ ಮನುಷ್ಯನ ಈವರೆಗಿನ ಬಾಳಿಗೂ ಆ ಜನ್ಮಕ್ಕೂ ಸಂಬಂಧವೇ ಇಲ್ಲದಂತಾಗಿ, ಹುಟ್ಟಿದವನು ಇವನೇ ಎಂದು ಹೇಳಲು ಆಧಾರವು ಉಳಿಯದು. ಆದುದರಿಂದ ಆ ಪದದಲ್ಲಿ ಎರಡೂ ಅರ್ಥಗಳು ಕೂಡಿ ನಿಲ್ಲಬೇಕು: ಬರುವುದು ಮೇಲಿನಿಂದ, ಬರುವುದು ಇದೇ ಮನುಷ್ಯನಿಗೆ, ಇದೇ ವಯಸ್ಸಿನಲ್ಲಿ, ಇದೇ ಅಭ್ಯಾಸಗಳ ನಡುವೆ.

ಅದೇ ಸಂವಾದದಲ್ಲಿ ಎರಡನೆಯ ಶ್ಲೇಷವೊಂದು ಬರುತ್ತದೆ. 'ಪ್ನೆವ್ಮ' ಎಂಬ ಗ್ರೀಕ್ ಪದವು ಗಾಳಿಯನ್ನೂ ಆತ್ಮವನ್ನೂ ಹೇಳುತ್ತದೆ. ಸಂಸ್ಕೃತವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಉಸಿರಾಡುವುದೆಂಬ ಅರ್ಥದ 'ಅನ್' ಎಂಬ ಒಂದೇ ಧಾತುವಿನಿಂದ ಪ್ರಾಣವೆಂಬ ಶಬ್ದವೂ ಅನಿಲವೆಂಬ ಶಬ್ದವೂ ನಮಗೆ ಬಂದಿವೆ. ಗಾಳಿಯು ತನ್ನ ಇಚ್ಛೆಯಂತೆ ಬೀಸುವುದು; ಅದರ ಸದ್ದು ಕೇಳಿಬರುವುದು; ಅದು ಎಲ್ಲಿಂದ ಬಂದಿತು, ಎಲ್ಲಿಗೆ ಹೋಗುವುದು ಎಂಬುದು ಮಾತ್ರ ತಿಳಿಯದು. ಆತ್ಮದಿಂದ ಹುಟ್ಟಿದವನ ಸ್ಥಿತಿಯೂ ಹಾಗೆಯೇ ಎಂದು ಆ ಉಪದೇಶದ ಸಾರ. ಇಷ್ಟು ಕೇಳಿದ ಮೇಲೆ ನಿಕೊದೇಮನು ಇದು ಹೇಗೆ ಸಾಧ್ಯವೆಂದು ಒಂದು ಮಾತು ಕೇಳಿ ಸುಮ್ಮನಾಗುತ್ತಾನೆ. ಅವನು ಯಾವಾಗ ಎದ್ದುಹೋದನೆಂಬುದನ್ನು ಸುವಾರ್ತೆಯು ಹೇಳುವುದೇ ಇಲ್ಲ.

೩

ಇಲ್ಲಿ ಪೂರ್ವಪಕ್ಷವು ತಲೆಯೆತ್ತುತ್ತದೆ. ಗಾಳಿಯು ತನ್ನಿಚ್ಛೆಯಂತೆ ಬೀಸುವುದಾದರೆ ಜಪ, ಉಪವಾಸ, ಗ್ರಂಥಪಠನ ಮುಂತಾದ ಅನುಷ್ಠಾನಗಳೆಲ್ಲ ವ್ಯರ್ಥವಲ್ಲವೆ? ಅನುಷ್ಠಾನದಿಂದಲೇ ಅದು ಬರುವುದಾದರೆ ಅದನ್ನು ದಾನವೆನ್ನುವುದು ಹೇಗೆ, ಕೂಲಿಯೆನ್ನಬೇಡವೆ? ನಮ್ಮ ಶ್ರೀವೈಷ್ಣವ ಸಂಪ್ರದಾಯದಲ್ಲಿ ಇದೇ ವಿವಾದವು ಮರ್ಕಟಕಿಶೋರ, ಮಾರ್ಜಾಲಕಿಶೋರ ಎಂಬ ನ್ಯಾಯಗಳಾಗಿ ನಡೆದುದನ್ನು ವಾಚಕರು ಬಲ್ಲರು. ಕೋತಿಯ ಮರಿ ತಾಯಿಯನ್ನು ತಾನೇ ಅವುಚಿ ಹಿಡಿಯಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಕ್ರೈಸ್ತರಲ್ಲಿ ಈ ವಿವಾದವು ಒಬ್ಬ ಮನುಷ್ಯನ ಬಾಳಿನಲ್ಲಿಯೇ ಎದುರುಬದುರಾಗಿ ನಿಂತ ಪ್ರಸಂಗವೊಂದುಂಟು. ಆತನು ಇಂಗ್ಲೆಂಡಿನ ಜಾನ್ ವೆಸ್ಲಿ.

೧೭೦೩ರಲ್ಲಿ ಎಪ್‌ವರ್ತ್ ಎಂಬ ಊರಿನ ಪಾದ್ರಿಯ ಮಗನಾಗಿ ಹುಟ್ಟಿದ ವೆಸ್ಲಿಯು ಆಕ್ಸ್‌ಫರ್ಡಿನಲ್ಲಿ ಓದಿ, ೧೭೨೮ರಲ್ಲಿ ಆಂಗ್ಲಿಕನ್ ಸಭೆಯ ಗುರುಪಟ್ಟವನ್ನು ಪಡೆದನು; ಅಲ್ಲಿನ ಲಿಂಕನ್ ಕಾಲೇಜಿನಲ್ಲಿ ಗ್ರೀಕ್ ಭಾಷೆಯನ್ನು ಬೋಧಿಸಿದನು. ಅವನೂ ಅವನ ತಮ್ಮನಾದ ಚಾರ್ಲ್ಸನೂ ಕೆಲವರು ಗೆಳೆಯರೂ ೧೭೨೯ರಿಂದ ಒಂದು ಚಿಕ್ಕ ಕೂಟವಾಗಿ ಸೇರಿ, ವಾರಕ್ಕೆರಡು ದಿನ ಉಪವಾಸ, ನಿಯತವಾದ ಗ್ರಂಥಪಠನ, ಸೆರೆಮನೆಯಲ್ಲಿದ್ದವರ ಭೇಟಿ, ಬಡವರಿಗೆ ನೆರವು, ಇವುಗಳನ್ನು ಗಡಿಯಾರದಂತೆ ನಡೆಸುತ್ತಿದ್ದರು. ಅವರ ಈ ಕಟ್ಟುನಿಟ್ಟನ್ನು ಕಂಡು ಇತರ ವಿದ್ಯಾರ್ಥಿಗಳು ಅವರನ್ನು 'ಮೆಥಡಿಸ್ಟ'ರೆಂದು, ಎಂದರೆ ಪದ್ಧತಿಗಾರರೆಂದು, ಹಾಸ್ಯಮಾಡಿದರು. ಆ ಹಾಸ್ಯದ ಹೆಸರೇ ಮುಂದೆ ಒಂದು ದೊಡ್ಡ ಸಭೆಯ ಹೆಸರಾಯಿತು. ಆಚಾರದಲ್ಲಿ ವೆಸ್ಲಿಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ಒಲೆಯಲ್ಲಿ ಬೆಂಕಿಯಿಲ್ಲವೆಂಬುದು ಅವನಿಗೆ ಗೊತ್ತಿತ್ತು.

೧೭೩೫ರಲ್ಲಿ ಅವನು ಅಮೆರಿಕದ ಜಾರ್ಜಿಯ ಪ್ರಾಂತಕ್ಕೆ ಹಡಗು ಹತ್ತಿದನು. ೧೭೩೬ನೆಯ ಜನವರಿಯಲ್ಲಿ ನಡುಸಮುದ್ರದಲ್ಲಿ ಬಿರುಗಾಳಿಯೆದ್ದು, ಮುಖ್ಯ ಹಾಯಿಯು ಹರಿದು, ಅಲೆಯು ಹಡಗಿನೊಳಕ್ಕೆ ನುಗ್ಗಿತು. ಇಂಗ್ಲಿಷ್ ಪ್ರಯಾಣಿಕರು ಚೀರಾಡಿದರು. ಅದೇ ಹಡಗಿನಲ್ಲಿದ್ದ ಜರ್ಮನ್ ದೇಶದ ಮೊರೇವಿಯನ್ ಪಂಥದವರು ತಾವು ಆರಂಭಿಸಿದ್ದ ಸ್ತೋತ್ರಗಾನವನ್ನು ನಿಲ್ಲಿಸದೆ ಹಾಡುತ್ತಿದ್ದರು. ಬಿರುಗಾಳಿ ಅಡಗಿದ ಮೇಲೆ ವೆಸ್ಲಿಯು ಅವರಲ್ಲೊಬ್ಬನನ್ನು, ನಿಮಗೆ ಭಯವಾಗಲಿಲ್ಲವೇ ಎಂದು ಕೇಳಿದನು. ಇಲ್ಲವೆಂದು ಉತ್ತರ ಬಂದಿತು. ನಿಮ್ಮ ಹೆಂಗಸರು ಮಕ್ಕಳಿಗೆ? ಅವರೂ ಸಾವಿಗೆ ಅಂಜುವವರಲ್ಲ ಎಂದು ಆತನು ಹೇಳಿದನು. ಪರರಿಗೆ ಮೋಕ್ಷಮಾರ್ಗವನ್ನು ತೋರಿಸಲು ಹೊರಟಿದ್ದ ಗುರುವು ತಾನು ಸಾವಿಗೆ ನಡುಗಿದುದನ್ನು ಮರೆಮಾಡದೆ ತನ್ನ ದಿನಚರಿಯಲ್ಲಿ ಬರೆದಿಟ್ಟನು. ಮನಸ್ಸನ್ನು ತೆರೆದಿಡುವುದೆಂದರೆ ಮೊದಲನೆಯದಾಗಿ ಇದು: ತನಗಿಲ್ಲದ್ದು ಇನ್ನೊಬ್ಬನಲ್ಲಿದೆಯೆಂದು ಕಂಡಾಗ, ಅದಕ್ಕೆ ಬೇರೆ ಕಾರಣಗಳನ್ನು ಹುಡುಕಿ ಸಮಾಧಾನಪಟ್ಟುಕೊಳ್ಳದೆ, ಕಂಡದ್ದನ್ನು ಕಂಡೆನೆನ್ನುವುದು.

ಜಾರ್ಜಿಯದ ಕೆಲಸವು ಕೈಗೂಡದೆ ಅವನು ೧೭೩೮ನೆಯ ಫೆಬ್ರವರಿಯಲ್ಲಿ ಸ್ವದೇಶಕ್ಕೆ ಮರಳಿದನು. ಪೀಟರ್ ಬೋಲರ್ ಎಂಬ ತರುಣ ಮೊರೇವಿಯನ್ ಬೋಧಕನ ಪರಿಚಯವಾಯಿತು. ತನ್ನಲ್ಲಿಯೇ ಇಲ್ಲದ ವಿಶ್ವಾಸವನ್ನು ಪರರಿಗೆ ಬೋಧಿಸುವುದು ಮೋಸವಲ್ಲವೇ, ಬೋಧಿಸುವುದನ್ನು ಬಿಟ್ಟುಬಿಡಲೇ ಎಂದು ವೆಸ್ಲಿಯು ಕೇಳಿದಾಗ ಬೋಲರನು, ಬಿಡಬೇಡ, ಅದು ನಿನ್ನಲ್ಲಿ ಹುಟ್ಟುವವರೆಗೆ ಅದನ್ನು ಬೋಧಿಸು, ಹುಟ್ಟಿದ ಮೇಲೆ ಅದಿರುವುದರಿಂದಲೇ ಬೋಧಿಸುವೆ ಎಂದು ಸಲಹೆಮಾಡಿದನು. ಇದು ಕಪಟವನ್ನು ಕಲಿಸುವ ಮಾತೆಂದು ಕೆಲವರು ಆಕ್ಷೇಪಿಸಬಹುದು. ಇಲ್ಲದುದನ್ನು ಇದೆಯೆಂದು ಹೇಳಿದರೆ ಕಪಟವು ನಿಜ. ಇಲ್ಲದುದರ ಕಡೆಗೆ ತಾನೂ ಮುಖಮಾಡಿ ನಿಂತು ಇತರರನ್ನೂ ಅತ್ತ ತಿರುಗಿಸಿದರೆ ಅದು ಕಪಟವಾಗಲಾರದು.

ಆ ವರ್ಷದ ಮೇ ೨೪ನೆಯ ದಿನ ನಡೆದುದು ಪ್ರಸಿದ್ಧವಾಗಿದೆ. ಅಂದು ಬೆಳಿಗ್ಗೆ ಎಂದಿನಂತೆ ಅವನು ಸತ್ಯವೇದವನ್ನು ತೆರೆದು ಓದಿದನು. ಮಧ್ಯಾಹ್ನ ಸಂತ ಪಾಲನ ದೊಡ್ಡ ದೇವಾಲಯದ ಆರಾಧನೆಗೆ ಹೋಗಿಬಂದನು. ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಚಿಕ್ಕ ಸಭೆಗೆ ಹೋಗಲು ಅವನಿಗೆ ಮನಸ್ಸಿರಲಿಲ್ಲ, ಆದರೂ ಹೋದನು. ಅಲ್ಲಿ ಯಾರೋ ಒಬ್ಬರು, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಗೆ ಮಾರ್ಟಿನ್ ಲೂಥರನು ಬರೆದಿದ್ದ ಪೀಠಿಕೆಯನ್ನು ಓದುತ್ತಿದ್ದರು. ರಾತ್ರಿ ಒಂಬತ್ತಕ್ಕೆ ಇನ್ನೂ ಕಾಲು ಗಂಟೆಯಿರುವಾಗ, ಆ ಓದನ್ನು ಕೇಳುತ್ತ ಕುಳಿತಿದ್ದ ವೆಸ್ಲಿಯ ಹೃದಯದಲ್ಲಿ ಅಪೂರ್ವವಾದ ಬಿಸುಪು ಹುಟ್ಟಿತು. ತನ್ನ ಪಾಪಗಳನ್ನು ಕ್ರಿಸ್ತನು ಹೊತ್ತುಕೊಂಡನೆಂಬ ಭರವಸೆಯು ಅವನಿಗೆ ದೊರೆಯಿತು.

ಇಲ್ಲಿ ಗಮನಿಸತಕ್ಕ ಅಂಶಗಳು ಕೆಲವುಂಟು. ಆ ದಿನ ಓದಿದ ಗ್ರಂಥವು ಹೊಸದಲ್ಲ. ಲೂಥರನು ಅದನ್ನು ಬರೆದು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲವಾಗಿತ್ತು. ಅದರಲ್ಲಿದ್ದ ತತ್ತ್ವವು ವೆಸ್ಲಿಗೆ ಅಪರಿಚಿತವೂ ಅಲ್ಲ. ಅದರ ವಿಷಯವಾಗಿ ಬೋಲರನೊಡನೆ ಅವನು ತಿಂಗಳುಗಟ್ಟಲೆ ವಾದಿಸಿದ್ದನು. ಓದಿದವನು ಯಾರೆಂಬುದನ್ನು ಅವನು ಬರೆಯಲಿಲ್ಲ. ಹೊಸತನವು ಹೊಸ ವಸ್ತುವಿನಿಂದ ಬರುವುದೆಂಬ ನಮ್ಮ ಎಣಿಕೆಗೆ ಇದು ಉತ್ತರವಾಗಿದೆ. ಹಳೆಯ ಮಾತೇ ಹೆಸರಿಲ್ಲದವನ ಬಾಯಿಂದ ಬಂದು, ಒಲ್ಲದ ಮನಸ್ಸಿನಿಂದ ಹೋಗಿ ಕುಳಿತವನನ್ನು ಮುಟ್ಟಿತು.

೪

ಇದರ ಮುಂದಿನ ಕಥೆಯನ್ನು ಹೇಳುವವರು ಕಡಮೆ. ನಮ್ಮ ಪ್ರಶ್ನೆಗೆ ಅದೇ ಹೆಚ್ಚು ಮುಖ್ಯ. ಲಂಡನ್ನಿನ ಫೆಟ್ಟರ್ ಲೇನಿನಲ್ಲಿ ವೆಸ್ಲಿಯೂ ಮೊರೇವಿಯನ್ನರೂ ಕೂಡಿ ನಡೆಸುತ್ತಿದ್ದ ಸತ್ಸಂಗದಲ್ಲಿ ಒಂದೆರಡು ವರ್ಷಗಳೊಳಗೆ ಒಂದು ವಾದವೆದ್ದಿತು. ಪೂರ್ಣವಾದ ವಿಶ್ವಾಸವಿಲ್ಲದವನು ಪ್ರಾರ್ಥನೆ, ಗ್ರಂಥಪಠನ, ಪ್ರಭುಭೋಜನ ಇವು ಯಾವುವನ್ನೂ ಆಚರಿಸಬಾರದು. ಆಚರಿಸಿದರೆ ತನ್ನ ಪ್ರಯತ್ನದಲ್ಲಿಯೇ ನಂಬಿಕೆಯಿಡುವನು. ಆದುದರಿಂದ ಎಲ್ಲವನ್ನೂ ಬಿಟ್ಟು ದೇವರ ಮುಂದೆ ನಿಶ್ಚಲನಾಗಿರಬೇಕು ಎಂದು ಕೆಲವರು ಬೋಧಿಸತೊಡಗಿದರು. ಈ ಪಕ್ಷವನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. ಹತ್ತು ವರ್ಷಗಳ ಕಠಿನ ಆಚಾರದಿಂದ ವೆಸ್ಲಿಗೆ ಆಗದಿದ್ದುದು ಒಂದು ಗಳಿಗೆಯಲ್ಲಿ ಆಚಾರದ ಹಂಗಿಲ್ಲದೆ ಆಯಿತಲ್ಲ! ಅವನ ಅನುಭವವೇ ಅವನ ವಿರುದ್ಧ ಸಾಕ್ಷಿ ಹೇಳುವಂತಿತ್ತು.

ಆದರೂ ವೆಸ್ಲಿಯು ಒಪ್ಪಲಿಲ್ಲ. ೧೭೪೦ರಲ್ಲಿ, ತನಗೆ ದಾರಿ ತೋರಿಸಿದ ಆ ಬಳಗವನ್ನೇ ಬಿಟ್ಟು, ಕೆಲವೇ ಜನರೊಡನೆ ಹೊರಬಂದನು. ಪ್ರಾರ್ಥನೆ, ಸತ್ಯವೇದದ ಅನ್ವೇಷಣೆ, ಪ್ರಭುಭೋಜನ ಇವುಗಳನ್ನು ಅವನು ಕೃಪೆಯ ಸಾಧನಗಳೆಂದು ಕರೆದನು. ಅವುಗಳಲ್ಲಿ ಸ್ವತಃ ಯಾವ ಶಕ್ತಿಯೂ ಇಲ್ಲ; ಅವುಗಳನ್ನು ನಡೆಸಿದ ಮಾತ್ರಕ್ಕೆ ಯಾವ ಪುಣ್ಯವೂ ಜಮೆಯಾಗುವುದಿಲ್ಲ; ಆದರೆ ಕಾಯತಕ್ಕವನು ಅವುಗಳಲ್ಲಿದ್ದುಕೊಂಡೇ ಕಾಯಬೇಕು. ಇದು ಅವನ ಸಿದ್ಧಾಂತ.

ನಮ್ಮ ನಾಡಿನ ಒಂದು ದೃಷ್ಟಾಂತದಿಂದ ಇದು ಸ್ಪಷ್ಟವಾಗುವುದು. ಕೆರೆಯ ಏರಿಯು ಮಳೆಯನ್ನು ಹುಟ್ಟಿಸುವುದಿಲ್ಲ. ಎಷ್ಟು ಗಟ್ಟಿಯಾದ ಏರಿಯನ್ನು ಕಟ್ಟಿದರೂ ಆಕಾಶವು ಅದಕ್ಕೆ ಋಣಿಯಾಗದು. ಆದರೆ ಏರಿಯಿಲ್ಲದ ಊರಿನಲ್ಲಿ ಭರಣಿಯ ಮಳೆ ಧಾರಾಕಾರವಾಗಿ ಸುರಿದರೂ ನೀರು ಹಳ್ಳ ಹಿಡಿದು ಹೋಗುತ್ತದೆ. ಮರುವಾರ ಬಾಯಿಗೆ ಹನಿಯಿರುವುದಿಲ್ಲ. ಬುದ್ಧಿವಂತನಾದ ರೈತನು ಬೇಸಗೆಯಲ್ಲಿಯೇ ಏರಿಯ ಬಿರುಕನ್ನು ಮುಚ್ಚುತ್ತಾನೆ, ತೂಬನ್ನು ನೋಡಿಕೊಳ್ಳುತ್ತಾನೆ, ನೀರು ಬರುವ ಕಾಲುವೆಯ ಮುಳ್ಳುಕಂಟಿಗಳನ್ನು ಕಡಿಯುತ್ತಾನೆ. ಮಳೆ ಬಂದಾಗ ಅದು ತನ್ನ ಗುದ್ದಲಿಯ ಫಲವೆಂದು ಜಂಬಪಡುವುದಿಲ್ಲ. ಮಳೆಯು ದೇವರ ಕೈಯಲ್ಲಿದೆಯೆಂದು ಗುದ್ದಲಿಯನ್ನು ಮೂಲೆಗಿಡುವುದೂ ಇಲ್ಲ. ಆಕ್ಸ್‌ಫರ್ಡಿನ ಹತ್ತು ವರ್ಷಗಳು ವ್ಯರ್ಥವಾದವೇ ಎಂಬ ಶಂಕೆಗೆ ಸಮಾಧಾನವು ಇಲ್ಲಿದೆ. ಆಲ್ಡರ್ಸ್‌ಗೇಟಿನಲ್ಲಿ ಬಿದ್ದ ಮಳೆಯು ಐವತ್ತು ವರ್ಷಗಳ ಕಾಲ ಅಚ್ಚುಕಟ್ಟಿಗೆ ಹರಿಯಿತಲ್ಲ, ಅದು ಆ ಹಳೆಯ ಏರಿಯು ನಿಂತಿದ್ದುದರಿಂದ. ಅದೇ ಬಿಸುಪನ್ನು ಅಂದು ಅನುಭವಿಸಿ ಮರುದಿನ ಮರೆತವರೂ ಆ ಊರಿನಲ್ಲಿ ಇದ್ದಿರಬಹುದು. ಅವರ ಹೆಸರು ಯಾರಿಗೂ ತಿಳಿಯದು.

ಈ ದೃಷ್ಟಾಂತವು ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಕೆರೆಗೆ ನೀರನ್ನು ತರುವ ಕಾಲುವೆಯೇ ಹೂಳನ್ನೂ ತರುತ್ತದೆ. ಹೊರಗಿನಿಂದ ಯಾರೂ ಬಂದು ಕೆರೆಯನ್ನು ಮುಚ್ಚುವುದಿಲ್ಲ; ವರ್ಷ ವರ್ಷವೂ ಬಂದ ಒಳ್ಳೆಯ ನೀರಿನ ಜತೆಗೆ ಬಂದ ಮಣ್ಣೇ ತಳದಲ್ಲಿ ಕುಳಿತು ಅದನ್ನು ಮುಚ್ಚುತ್ತದೆ. ಧಾರ್ಮಿಕನ ಅಪಾಯವೂ ಹಾಗೆಯೇ. ಅವನ ಹಿಂದಿನ ಅನುಭವವು, ಅದು ಎಷ್ಟೇ ನಿಜವಾದುದಾಗಲಿ, ನೆನಪಾಗಿ ಕುಳಿತು, ಹೆಮ್ಮೆಯಾಗಿ ಗಟ್ಟಿಯಾಗಿ, ಮುಂದೆ ಬರುವುದಕ್ಕೆ ಎಡೆಯಿಲ್ಲದಂತೆ ಮಾಡುತ್ತದೆ. ಹೊಸ ಮಳೆಗೆ ಹಳೆಯ ಮಳೆಯೇ ಅಡ್ಡಿ. ಆದುದರಿಂದ ಏರಿಯನ್ನು ಕಾಯುವುದರ ಜತೆಗೆ ಹೂಳನ್ನು ತೆಗೆಯುವ ಕೆಲಸವೂ ನಿತ್ಯಾಭ್ಯಾಸದಲ್ಲಿ ಸೇರಿದೆ. ಕ್ರೈಸ್ತರಲ್ಲಿ ಪಾಪನಿವೇದನೆಯು ಈ ಸ್ಥಾನದಲ್ಲಿದೆಯೆಂದು ತೋರುತ್ತದೆ. ಅದು ಬರಿಯ ದುಃಖವಲ್ಲ. ಮುಂದಿನ ಮಳೆಗೆ ಆಳವನ್ನು ಮಾಡಿಕೊಡುವುದು.

೫

ಹೂಳನ್ನು ತೆಗೆಯುವುದೆಂದರೆ ಏನೆಂಬುದಕ್ಕೆ ವೆಸ್ಲಿಯ ಬಾಳಿನಲ್ಲಿಯೇ ನಿದರ್ಶನಗಳುಂಟು. ಆಲ್ಡರ್ಸ್‌ಗೇಟಿನ ಅನುಭವವಾಗಿ ಏಳು ತಿಂಗಳು ಕಳೆದ ಮೇಲೆ, ೧೭೩೯ನೆಯ ಜನವರಿಯಲ್ಲಿ, ತಾನು ಈಗಲೂ ನಿಜವಾದ ಕ್ರೈಸ್ತನಲ್ಲವೆಂದು ಅವನು ತನ್ನ ದಿನಚರಿಯಲ್ಲಿ ಬರೆದುಕೊಂಡನು. ಆ ಪುಣ್ಯರಾತ್ರಿಯನ್ನು ಒಂದು ಪ್ರಶಸ್ತಿಪತ್ರದಂತೆ ಕಟ್ಟುಹಾಕಿಸಿ ಗೋಡೆಗೆ ತೂಗುಹಾಕುವ ಮನಸ್ಸು ಅವನಿಗಿರಲಿಲ್ಲ.

ಅದೇ ವರ್ಷದ ಏಪ್ರಿಲಿನಲ್ಲಿ ಗೆಳೆಯನಾದ ಜಾರ್ಜ್ ವೈಟ್‌ಫೀಲ್ಡನ ಕರೆಯ ಮೇರೆಗೆ ಅವನು ಬ್ರಿಸ್ಟಲ್ ಪಟ್ಟಣದಲ್ಲಿ ಬಯಲಿನಲ್ಲಿ ನಿಂತು ಬೋಧಿಸಿದನು. ದೇವಾಲಯದ ಹೊರಗೆ ಒಂದು ಆತ್ಮವನ್ನು ಉದ್ಧರಿಸುವುದೇ ಪಾಪವೇನೋ ಎಂಬಷ್ಟು ಮರ್ಯಾದೆಯ ಅಭಿಮಾನವು ತನಗಿತ್ತೆಂದು ಅವನೇ ಬರೆದಿದ್ದಾನೆ. ಆ ಅಭಿಮಾನವನ್ನು ಬಿಟ್ಟುದರಿಂದ, ಯಾವ ದೇವಾಲಯಕ್ಕೂ ಕಾಲಿಡದಿದ್ದ ಕಿಂಗ್ಸ್‌ವುಡ್ಡಿನ ಕಲ್ಲಿದ್ದಲ ಗಣಿಯ ಕೂಲಿಗಾರರಿಗೆ ಅವನ ಮಾತು ಮುಟ್ಟಿತು.

ಇದಕ್ಕಿಂತಲೂ ಕಠಿನವಾದ ಪರೀಕ್ಷೆಯು ಅನಂತರ ಬಂದಿತು. ಥಾಮಸ್ ಮ್ಯಾಕ್ಸ್‌ಫೀಲ್ಡನೆಂಬ ಅವನ ಸಹಾಯಕನು, ಗುರುಪಟ್ಟವಿಲ್ಲದವನು, ಲಂಡನ್ನಿನಲ್ಲಿ ಉಪದೇಶ ಮಾಡಲಾರಂಭಿಸಿದನೆಂದು ಕೇಳಿ ವೆಸ್ಲಿಯು ಅದನ್ನು ನಿಲ್ಲಿಸಲು ಅವಸರದಿಂದ ಬಂದನು. ಆಗ ಅವನ ವೃದ್ಧಮಾತೆಯಾದ ಸೂಸನ್ನಳು, ಆ ತರುಣನನ್ನೂ ದೇವರೇ ಕರೆದಿರುವನು, ತಡೆಯುವುದಕ್ಕೆ ಮುಂಚೆ ಅವನ ಉಪದೇಶದ ಫಲವನ್ನು ವಿಚಾರಿಸಿ, ನೀನೇ ಹೋಗಿ ಅವನ ಮಾತನ್ನು ಕೇಳು ಎಂದು ಬುದ್ಧಿ ಹೇಳಿದಳೆಂದು ಚರಿತ್ರಕಾರರು ಬರೆದಿದ್ದಾರೆ. ವೆಸ್ಲಿಯು ಕೇಳಿದನು, ಒಪ್ಪಿದನು. ಇದರಿಂದ ನಮಗೆ ತಿಳಿಯುವುದೇನು? ತನಗೆ ಬಾಗಿಲು ತೆರೆಯಿತೆಂಬುದರಿಂದ ಮನುಷ್ಯನು ಇತರರಿಗೆ ಬಾಗಿಲು ಮುಚ್ಚದಿರುವನೆಂಬ ಭರವಸೆಯಿಲ್ಲ. ಒಳಗೆ ಬಂದವನೇ ಕದವನ್ನು ಹಾಕಿಕೊಳ್ಳುವುದು ಲೋಕರೂಢಿ. ಇನ್ನೊಬ್ಬನಲ್ಲಿ, ಅದರಲ್ಲಿಯೂ ತನಗಿಂತ ಕಿರಿಯನಲ್ಲಿ, ಯೋಗ್ಯತಾಪತ್ರವಿಲ್ಲದವನಲ್ಲಿ, ಅದೇ ಗಾಳಿ ಬೀಸಬಹುದೆಂದು ಒಪ್ಪುವುದು ಆತ್ಮದ ತೆರೆದಿರವಿಗೆ ನಿಜವಾದ ಒರೆಗಲ್ಲು.

ಹಾಗಾದರೆ ಬೀಸುವ ಗಾಳಿಯೆಲ್ಲವೂ ದೇವರ ಗಾಳಿಯೇ? ಉನ್ಮಾದವನ್ನೂ ಆವೇಶವನ್ನೂ ನವಜನ್ಮವೆಂದು ಭ್ರಮಿಸಿ ಕೆಟ್ಟವರಿಲ್ಲವೇ? ಇದ್ದಾರೆ, ಎಲ್ಲ ಮತಗಳಲ್ಲಿಯೂ ಇದ್ದಾರೆ. ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಆತ್ಮದ ಫಲಗಳೆಂದು ಎಣಿಸಿರುವುದು ಪ್ರೀತಿ, ಸಂತೋಷ, ಶಾಂತಿ, ತಾಳ್ಮೆ, ದಯೆ ಮುಂತಾದ ಸಾಧುಗುಣಗಳನ್ನು. ಇವುಗಳಲ್ಲಿ ಒಂದಾದರೂ ಒಂದು ಸಂಜೆಯಲ್ಲಿ ಪರೀಕ್ಷಿಸಬಹುದಾದುದಲ್ಲ. ತಾಳ್ಮೆಯಿದೆಯೇ ಎಂದು ತಿಳಿಯಲು ವರ್ಷಗಳು ಬೇಕು. ಮನೆಯವರು ಸಾಕ್ಷಿ ಹೇಳಬೇಕು. ಅನುಭವದ ಉಗ್ರತೆಯು ಪ್ರಮಾಣವಲ್ಲ, ಬಾಳಿನ ಫಲವೇ ಪ್ರಮಾಣ. ವೆಸ್ಲಿಯು ೧೭೭೪ರಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿ ಪುಸ್ತಕವನ್ನು ಬರೆದನು. ೧೭೯೧ನೆಯ ಫೆಬ್ರವರಿ ೨೪ರಂದು, ತನ್ನ ಎಂಬತ್ತೇಳನೆಯ ವಯಸ್ಸಿನಲ್ಲಿ, ಅದೇ ಅನ್ಯಾಯದ ವಿರುದ್ಧ ಪಾರ್ಲಿಮೆಂಟಿನಲ್ಲಿ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸನಿಗೆ ಧೈರ್ಯ ಹೇಳಿ ಪತ್ರ ಬರೆದನು. ಆರು ದಿನಗಳ ಮೇಲೆ, ಮಾರ್ಚ್ ೨ರಂದು, ಕಾಲವಾದನು. ಐವತ್ತಮೂರು ವರ್ಷಗಳ ಹಿಂದೆ ಒಬ್ಬನ ಎದೆಯಲ್ಲಿ ಹುಟ್ಟಿದ ಬಿಸುಪು, ಕೊನೆಯ ವಾರದಲ್ಲಿಯೂ ತಾನು ಕಾಣದ ಗುಲಾಮರ ಸಂಕೋಲೆಯ ಕಡೆಗೆ ಹರಿಯುತ್ತಿತ್ತೆಂದರೆ, ಆ ರಾತ್ರಿಯದು ಭ್ರಮೆಯಲ್ಲವೆಂದು ನಂಬಲು ಅಡ್ಡಿಯೇನು?

ವ್ಯಕ್ತಿಗೆ ಹೇಗೋ ಸಭೆಗೂ ಹಾಗೆ. ವೆಸ್ಲಿಯು ಕೊನೆಯವರೆಗೂ ತಾನು ಆಂಗ್ಲಿಕನ್ ಗುರುವೆಂದೇ ಹೇಳಿಕೊಂಡನು. ಆದರೆ ಅವನ ಅನಂತರ ಇಂಗ್ಲೆಂಡಿನಲ್ಲಿ ಅವನ ಅನುಯಾಯಿಗಳು ಪ್ರತ್ಯೇಕ ಸಭೆಯಾದರು. ಹಳೆಯ ಸಭೆಯಲ್ಲಿ ಹೊಸ ಉಸಿರಿಗೆ ಎಡೆ ದೊರೆಯಲಿಲ್ಲ. ಹೊಸ ಸಭೆಯೂ ಕಾಲಕ್ರಮದಲ್ಲಿ ತನ್ನ ಕಟ್ಟಡ, ತನ್ನ ಕಟ್ಟಳೆ, ತನ್ನ ಲೆಕ್ಕಪತ್ರಗಳ ನಡುವೆ ಹಳೆಯದಾಯಿತು. ಅವರ ಪ್ರಚಾರಕರು ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಮೈಸೂರು ಸೀಮೆಗೆ ಬಂದು ಶಾಲೆಗಳನ್ನೂ ಅಚ್ಚುಕೂಟಗಳನ್ನೂ ಸ್ಥಾಪಿಸಿದ ಸಂಗತಿಯನ್ನು ಕನ್ನಡಿಗರು ಬಲ್ಲರು. ಅಗಲಿದವರು ಕೂಡ ಮತ್ತೆ ಕೂಡಬಹುದೆಂಬುದಕ್ಕೆ ದಕ್ಷಿಣ ಭಾರತವೇ ಸಾಕ್ಷಿಯಾಯಿತು. ೧೯೪೭ನೆಯ ಸೆಪ್ಟೆಂಬರ್ ೨೭ರಂದು ಮದರಾಸಿನಲ್ಲಿ, ಇಲ್ಲಿನ ಆಂಗ್ಲಿಕನ್ನರೂ ವೆಸ್ಲಿಯ ಪರಂಪರೆಯ ಮೆಥಡಿಸ್ಟರೂ, ಅದಾಗಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳವರೂ ಸೇರಿ ದಕ್ಷಿಣ ಭಾರತ ಸಭೆಯೆಂಬ ಒಂದೇ ಸಭೆಯಾದರು. ಇಂಗ್ಲೆಂಡಿನಲ್ಲಿ ಬಿರಿದ ಗೋಡೆಯು ಇಲ್ಲಿ ಕೂಡಿಕೊಂಡಿತು. ಪ್ರತಿಯೊಂದು ಪಕ್ಷವೂ ತನ್ನ ಹಿಂದಿನ ನೆನಪನ್ನು ಗೋಡೆಯಾಗಿ ಉಳಿಸಿಕೊಳ್ಳದೆ ಕೈಗಾಣಿಕೆಯಾಗಿ ತಂದಿತು. ಸಂಸ್ಥೆಯ ಮಟ್ಟದಲ್ಲಿ ಹೂಳು ತೆಗೆಯುವುದೆಂದರೆ ಇದೇ.

೬

ಕಡೆಗೆ ಒಂದು ಪ್ರಶ್ನೆಯು ಉಳಿಯುತ್ತದೆ. ಈ ಲೇಖನವನ್ನು ಬರೆಯಲು ಕಾರಣವಾದುದೂ ಅದೇ. ಏರಿಯನ್ನೂ ಕಾದರು, ಹೂಳನ್ನೂ ತೆಗೆದರು, ಆಲ್ಡರ್ಸ್‌ಗೇಟಿನಂಥ ಸಂಜೆಯು ಅವರ ಬಾಳಿನಲ್ಲಿ ಬರಲೇ ಇಲ್ಲ, ಅಂಥವರ ಗತಿಯೇನು? ಅಂಥವರು ಪ್ರತಿಯೊಂದು ಸಭೆಯಲ್ಲಿಯೂ ಮಠದಲ್ಲಿಯೂ ಬಹುಮಂದಿ ಇದ್ದಾರೆ. ಎದೆ ಬೆಚ್ಚಗಾದವರ ಕಥೆಗಳನ್ನು ಅವರು ಕೇಳುತ್ತಾರೆ. ತಾವು ಹೊರಗಿನವರೇನೋ ಎಂದು ಒಳಗೊಳಗೇ ಕೊರಗುತ್ತಾರೆ.

ಅವರಿಗಾಗಿ ನಿಕೊದೇಮನ ಕಥೆಯ ಉಳಿದ ಭಾಗವಿದೆ. ಆ ರಾತ್ರಿಯ ಬಳಿಕ ಅವನು ಅದೇ ಸುವಾರ್ತೆಯಲ್ಲಿ ಎರಡೇ ಸಲ ಕಾಣಿಸಿಕೊಳ್ಳುತ್ತಾನೆ. ಏಳನೆಯ ಅಧ್ಯಾಯದಲ್ಲಿ, ಯೇಸುವನ್ನು ಹಿಡಿಸಬೇಕೆಂದು ಅಧಿಕಾರಿಗಳು ಕುಪಿತರಾಗಿರುವಾಗ, ಒಬ್ಬನ ಹೇಳಿಕೆಯನ್ನು ಕೇಳದೆ, ಅವನು ಮಾಡಿದುದೇನೆಂದು ತಿಳಿಯದೆ ತೀರ್ಪು ಕೊಡುವುದು ನಮ್ಮ ಶಾಸ್ತ್ರಕ್ಕೆ ಸಮ್ಮತವೇ ಎಂದು ಕೇಳುತ್ತಾನೆ. ನೀನೂ ಗಲಿಲಾಯದವನೋ ಎಂದು ಅವರು ಹೀಯಾಳಿಸುತ್ತಾರೆ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ, ಯೇಸುಸ್ವಾಮಿಯು ಶಿಲುಬೆಯ ಮೇಲೆ ಪ್ರಾಣಬಿಟ್ಟು, ಸಮೀಪದ ಶಿಷ್ಯರಲ್ಲಿ ಬಹುಮಂದಿ ಚದರಿಹೋಗಿರುವಾಗ, ರಕ್ತಬೋಳ ಅಗರುಗಳ ಸುಮಾರು ನೂರು ಸೇರಿನಷ್ಟು ಸುಗಂಧದ್ರವ್ಯವನ್ನು ತೆಗೆದುಕೊಂಡು ಶವಸಂಸ್ಕಾರಕ್ಕೆ ಬರುತ್ತಾನೆ.

ಅವನು ಯಾವಾಗ ಹೊಸದಾಗಿ ಹುಟ್ಟಿದನು? ಸುವಾರ್ತೆಯು ಹೇಳುವುದಿಲ್ಲ. ಅವನ ಎದೆಯು ಬೆಚ್ಚಗಾಯಿತೆಂಬ ಮಾತೂ ಇಲ್ಲ. ಇರುವುದು ಇಷ್ಟೇ: ಕತ್ತಲೆಯಲ್ಲಿ ಬಂದು ಪ್ರಶ್ನೆ ಕೇಳಿದವನು ಸಭೆಯ ನಡುವೆ ನ್ಯಾಯದ ಮಾತನ್ನಾಡಿದನು, ಅನಂತರ, ಯಾವ ಲಾಭವೂ ಇಲ್ಲದ ಹೊತ್ತಿನಲ್ಲಿ, ಎಲ್ಲರೂ ನೋಡುವಂತೆ ಭಾರವನ್ನು ಹೊತ್ತುತಂದನು. ಅವನು ತನ್ನ ಶಾಸ್ತ್ರವನ್ನು ಎಸೆಯಲಿಲ್ಲ; ಆ ಶಾಸ್ತ್ರದ ಮಾತಿನಿಂದಲೇ ಅಧಿಕಾರಿಗಳನ್ನು ಕೇಳಿದನು. ಹಳೆಯ ಅಭ್ಯಾಸವೇ ಹೊಸ ಉಸಿರಿಗೆ ಕೊಳಲಾಯಿತು. ಗಾಳಿಯು ಎಲ್ಲಿಂದ ಬಂದಿತೆಂದು ಅವನಿಗೂ ತಿಳಿದಿತ್ತೋ ಇಲ್ಲವೋ, ಎಲೆಯಂತೂ ಅಲುಗಿತು.

ಆದುದರಿಂದ ಸಿದ್ಧಾಂತವಿದು. ಆತ್ಮದ ಹೊಸತನವನ್ನು ಯಾರೂ ತಮ್ಮ ಬಲದಿಂದ ಹುಟ್ಟಿಸಲಾರರು. ಅದಕ್ಕೆ ಅಡ್ಡಿಯಾಗದಂತಿರಲು ಎಲ್ಲರೂ ಬಲ್ಲರು. ನಿತ್ಯದ ಅನುಷ್ಠಾನವನ್ನು ಬಿಡದೆ ನಡೆಸುವುದು, ಅದರಲ್ಲಿಯೇ ನೆಚ್ಚಿಕೆಯಿಡದಿರುವುದು; ಹಿಂದೆ ಕಂಡುದನ್ನು ಸ್ಮರಿಸುವುದು, ಅದರ ಮೇಲೆ ಕುಳಿತುಬಿಡದಿರುವುದು; ಕಿರಿಯರ ಬಾಯಿಂದ ಬಂದ ಮಾತನ್ನೂ ಕಿವಿಗೊಟ್ಟು ಕೇಳುವುದು; ಫಲವನ್ನು ಕಾಲಕ್ಕೆ ಬಿಡುವುದು. ಇಷ್ಟು ಮಾಡಿದವನಿಗೆ ವಯಸ್ಸು ಅಡ್ಡಿಯಾಗದು. ಹೊಸದಾಗಿ ಹುಟ್ಟಿದೆನೆಂದು ತಾನೇ ಹೇಳಿಕೊಳ್ಳಲು ಅವನಿಗೆ ಎಂದೂ ಧೈರ್ಯ ಬಾರದಿದ್ದರೂ ಚಿಂತೆಯಿಲ್ಲ; ಮಗುವು ತಾನು ಹುಟ್ಟಿದುದನ್ನು ನೆನಪಿಡುವುದಿಲ್ಲ, ಮನೆಯವರು ಬಲ್ಲರು.